ನಕಲು ಯಾರದು, ಅಸಲು ಯಾರದು?

ಚಿತ್ರ ನೋಡಿ ಚಿತ್ರ ಬರೆಯುವವನನ್ನು ಏನೆಂದು ಕರೆಯಬೇಕು? ಈ ಪ್ರಶ್ನೆಗೆ ನಮ್ಮ ಕಲಾಪಂಡಿತರ ಹತ್ತಿರ ಎರಡು ಉತ್ತರಗಳಿವೆ. ಬರೆಯುವವನು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿ ಈಸೆಲ್ ಇಟ್ಟುಕೊಂಡು ನಿಂತಿದ್ದರೆ ಅದು 'ಅಧ್ಯಯನ'. ಹೆಬ್ಬಾಳದ ರಸ್ತೆಬದಿಯ ಗೋಡೆಗೆ ಏಣಿ ಹಾಕಿಕೊಂಡು ನಿಂತಿದ್ದರೆ ಅದು 'ನಕಲು'. ಕೆಲಸ ಒಂದೇ. ನೋಡುವ ಕಣ್ಣು, ಅಳೆಯುವ ಬೆರಳು, ಎಳೆಯುವ ಗೆರೆ ಎಲ್ಲ ಒಂದೇ. ಹೆಸರು ಮಾತ್ರ ಬೇರೆ ಬೇರೆ. ಒಬ್ಬ ಚರ್ಮ ಮುಟ್ಟಿದರೆ ವ್ಯಾಪಾರ, ಇನ್ನೊಬ್ಬ ಮುಟ್ಟಿದರೆ ಮೈಲಿಗೆ ಎನ್ನುವ ಈ ದೇಶದಲ್ಲಿ ಒಂದೇ ಕೆಲಸಕ್ಕೆ ಎರಡು ಹೆಸರು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಈ ಮಾತನ್ನು ಪಂಡಿತರಿಗಿಂತ ಮೊದಲು ನಮ್ಮವರಿಗೇ ಹೇಳಬೇಕಾಗಿದೆ. ಗಂಗಾನಗರದ ಬಾಡಿಗೆ ರೂಮುಗಳಲ್ಲಿ ಇರುವ ನಾವು ಕೆಲವು ಗೆಳೆಯರು ಭಾನುವಾರಗಳಂದು ಚಿತ್ರಶಾಲೆಗಳಿಗೆ ಹೋಗಿ, ಅಲ್ಲಿನ ದೊಡ್ಡ ಚಿತ್ರಗಳನ್ನು ನೋಡಿ ಬರೆಯೋಣ ಎಂದು ಹೊರಟಾಗ ಮೊದಲ ವಿರೋಧ ಬಂದದ್ದು ಒಳಗಿನಿಂದಲೇ. "ಅಲ್ಲಾ ಕಣ್ರೋ, ಅಲ್ಲಿರೋದೆಲ್ಲ ಅರಮನೆಯವರು ಬರೆಸಿದ್ದು. ದೇವರು ದಿಂಡರು, ರಾಜ ರಾಣಿ. ಅದರ ಮುಂದೆ ಕುಂತು ನಮ್ಮ ಹುಡುಗ್ರು ಯಾಕೆ ನಕಲು ಹೊಡೀಬೇಕು? ಇಷ್ಟು ವರ್ಷ ಅವರು ಹೇಳಿದ್ದು ಬರೆದದ್ದು ಸಾಲದಾ?" ಎಂದು ಸಂಘಟನೆಯ ಹಿರಿಯ ಗೆಳೆಯರೊಬ್ಬರು ಕೇಳಿದರು. ಈ ಸಿಟ್ಟನ್ನು ನಾವು ಗೌರವಿಸುತ್ತೇವೆ. ಆದರೆ ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂಬುದನ್ನು ಇಲ್ಲಿ ವಿವರವಾಗಿ ಹೇಳುತ್ತೇವೆ.

1

ಮೊದಲು ನಮ್ಮ ರಸ್ತೆಯ ಮಾತು. ಗಂಗಾನಗರದಿಂದ ಬಳ್ಳಾರಿ ರಸ್ತೆ ಹಿಡಿದು ಮೇಖ್ರಿ ಸರ್ಕಲ್ ದಾಟಿದರೆ ಅರಮನೆ ರಸ್ತೆ ಸಿಗುತ್ತದೆ. ಅಲ್ಲಿ ಮಾಣಿಕ್ಯವೇಲು ಮ್ಯಾನ್ಷನ್ ಎಂಬ ಹಳೆಯ ಬಂಗಲೆ ಇದೆ. 2009ರ ಫೆಬ್ರವರಿಯಲ್ಲಿ ಅದು ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ದೇಶದ ದೊಡ್ಡ ದೊಡ್ಡ ಕಲಾವಿದರ ಚಿತ್ರಗಳು ಕನ್ನಡ ನಾಡಿನ ರಾಜಧಾನಿಗೆ ಬಂದವು. ಒಳ್ಳೆಯದೇ ಆಯಿತು.

ಅದೇ 2009ರ ಸುಮಾರಿಗೆ ಇದೇ ನಗರದ ರಸ್ತೆಬದಿ ಗೋಡೆಗಳ ಮೇಲೂ ಚಿತ್ರಗಳು ಎದ್ದವು. ಗೋಡೆಗೆ ಪೋಸ್ಟರು ಅಂಟಿಸುವುದು, ಉಚ್ಚೆ ಹೊಯ್ಯುವುದು ನಿಲ್ಲಲಿ ಎಂದು ಮಹಾನಗರ ಪಾಲಿಕೆ ಗೋಡೆಗಳಿಗೆ ಚಿತ್ರ ಬರೆಸಿತು. ಬರೆದವರು ಯಾರು? ಸಿನಿಮಾ ಬ್ಯಾನರು, ಕಟೌಟು, ಅಂಗಡಿ ಬೋರ್ಡು ಬರೆದು ಹೊಟ್ಟೆ ಹೊರೆಯುತ್ತಿದ್ದವರು. ಫ್ಲೆಕ್ಸ್ ಮಿಷನ್ನು ಬಂದು ಅವರ ಕೈಯ ಬ್ರಷ್ಷನ್ನು ಕಿತ್ತುಕೊಂಡಿತ್ತು. ರಾಜಕುಮಾರರ ಮುಖವನ್ನು ನಲವತ್ತು ಅಡಿ ಎತ್ತರಕ್ಕೆ ಎಬ್ಬಿಸಬಲ್ಲ ಕೈಗಳು ಕೆಲಸವಿಲ್ಲದೆ ಕೂತಿದ್ದವು. ಅವರು ಪೋಸ್ಟ್‌ಕಾರ್ಡು, ಕ್ಯಾಲೆಂಡರು ಹಿಡಿದುಕೊಂಡು ಬಂದರು. ಚಿತ್ರದ ಮೇಲೆ ಸಣ್ಣ ಚೌಕ, ಗೋಡೆಯ ಮೇಲೆ ದೊಡ್ಡ ಚೌಕ ಎಳೆದು ಹಂಪಿಯ ಕಲ್ಲಿನ ರಥ, ಬೇಲೂರಿನ ಶಿಲಾಬಾಲಿಕೆ, ಮೈಸೂರು ಅರಮನೆ, ಜೋಗದ ಗುಂಡಿಗಳನ್ನು ಎತ್ತಿ ಗೋಡೆಗೆ ಇಳಿಸಿದರು. ಬಿಸಿಲಲ್ಲಿ, ಬಸ್ಸಿನ ಹೊಗೆಯಲ್ಲಿ, ಚದರಡಿ ಲೆಕ್ಕದ ಕೂಲಿಗೆ.

ಕಲೆ ಬಲ್ಲವರು ಮೂಗು ಮುರಿದರು. ಅಭಿರುಚಿ ಇಲ್ಲದ್ದು, ಕ್ಯಾಲೆಂಡರ್ ಕಲೆ, ಬರೀ ನಕಲು ಎಂದರು. ನಾವು ಕೇಳುವುದಿಷ್ಟೆ. ಬೇಲೂರಿನ ಗುಡಿ 1117ರಲ್ಲಿ ಆದದ್ದು. ಅಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಶಿಲ್ಪದ ಅಡಿಯಲ್ಲಿ ತಮ್ಮ ಹೆಸರು ಕೆತ್ತಿದ್ದಾರೆ. ಒಂಬೈನೂರು ವರ್ಷಗಳ ಹಿಂದೆ ಕಲ್ಲುಕುಟಿಗನಿಗೆ ಇದ್ದ ಹೆಸರಿನ ಹಕ್ಕು, ಅವನ ಕೆಲಸವನ್ನು ಬಳ್ಳಾರಿ ರಸ್ತೆಯ ಗೋಡೆಗೆ ಎತ್ತಿ ಬರೆದವನಿಗೆ ಯಾಕಿಲ್ಲ? ಒಳಗೆ ಗಾಜಿನ ಚೌಕಟ್ಟಿನಲ್ಲಿ ಇರುವುದಕ್ಕೆ ಕಾವಲು, ಹೊರಗೆ ಗೋಡೆಯ ಮೇಲೆ ಇರುವುದಕ್ಕೆ ನಗೆ. ಗೋಡೆಯ ಚಿತ್ರಕಾರರು ಮಹಾಕಲೆ ಸೃಷ್ಟಿಸಿದರು ಎಂದು ನಾವು ಹೇಳುತ್ತಿಲ್ಲ. ಆ ಚಿತ್ರಗಳಲ್ಲಿ ಅನೇಕವು ಸಪ್ಪೆಯಾಗಿದ್ದವು. ಯಾಕೆ ಸಪ್ಪೆಯಾದವು ಎಂದು ಕೇಳಬೇಕು. ಅವರ ಮುಂದೆ ಅಸಲು ಇರಲಿಲ್ಲ. ಪೋಸ್ಟ್‌ಕಾರ್ಡು ಇತ್ತು. ಪೋಸ್ಟ್‌ಕಾರ್ಡಿನಿಂದ ಕಲಿತವನು ಪೋಸ್ಟ್‌ಕಾರ್ಡನ್ನೇ ಬರೆಯುತ್ತಾನೆ. ಅಸಲಿನ ಮುಂದೆ ಅವನನ್ನು ಕೂರಿಸಿದವರು ಯಾರು? ನಮ್ಮ ವಾದ ಶುರುವಾಗುವುದು ಇಲ್ಲಿಂದ.

2

ನೋಡಿ ಕಲಿಯುವುದು ನಮ್ಮ ಜನಕ್ಕೆ ಹೊಸದಲ್ಲ. ನಮಗೆ ಇದ್ದದ್ದೇ ಅದೊಂದು ಶಾಲೆ. ತಮಟೆ ಬಡಿಯುವ ಹುಡುಗನಿಗೆ ಯಾವ ಗುರುವೂ ಪಾಠ ಬರೆದುಕೊಟ್ಟಿಲ್ಲ. ಅಪ್ಪನ ಮಣಿಕಟ್ಟು ನೋಡಿ ಕಲಿತ. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು ಹಿರಿಯರ ಹಿಂದೆ ಕೂತು, ಸೊಲ್ಲಿಗೆ ಸೊಲ್ಲು ಸೇರಿಸಿ, ರಾತ್ರಿಗಟ್ಟಲೆ ಅವರ ದನಿಯನ್ನೇ ತಮ್ಮ ಗಂಟಲಿಗೆ ಇಳಿಸಿಕೊಂಡು ಕಲಿತವರು. ಅದನ್ನು ಯಾರಾದರೂ ನಕಲು ಅಂತಾರೆಯೇ? ಬಾಯಿಂದ ಬಾಯಿಗೆ ಇಳಿದರೆ ಪರಂಪರೆ, ಕೈಯಿಂದ ಕೈಗೆ ಇಳಿದರೆ ಕಳ್ಳತನ ಎನ್ನುವ ನ್ಯಾಯ ಯಾವುದು?

ಏಕಲವ್ಯನ ಕಥೆಯನ್ನು ನಾವು ಸಾವಿರ ಸಲ ಹೇಳಿಕೊಂಡಿದ್ದೇವೆ. ಹೆಬ್ಬೆರಳಿನ ಬಗ್ಗೆ ಹೇಳುತ್ತೇವೆ, ಮಣ್ಣಿನ ಬೊಂಬೆಯ ಬಗ್ಗೆ ಹೇಳುವುದಿಲ್ಲ. ಪಾಠಶಾಲೆಯ ಬಾಗಿಲು ಮುಚ್ಚಿದಾಗ ಆ ಬೇಡರ ಹುಡುಗ ಮಾಡಿದ ಮೊದಲ ಕೆಲಸ ಗುರುವಿನ ಪ್ರತಿಮೆ ಮಾಡಿದ್ದು. ಅಂದರೆ ಅಸಲು ಸಿಗದವನು ಒಂದು ಪ್ರತಿ ಮಾಡಿಕೊಂಡ. ಅದರ ಮುಂದೆ ನಿಂತು ಕಲಿತ. ಅವನು ಪ್ರತಿ ಮಾಡಿಕೊಂಡಷ್ಟು ದಿನ ಯಾರಿಗೂ ತಕರಾರಿರಲಿಲ್ಲ. ಕಲಿತದ್ದು ಅರ್ಜುನನ ಸಮಕ್ಕೆ ಬಂದಾಗ ಬೆರಳು ಕೇಳಿದರು. ಇದರಿಂದ ತಿಳಿಯುವುದೇನು? ವ್ಯವಸ್ಥೆಗೆ ನಾವು ನಕಲು ಮಾಡುತ್ತಾ ಇರುವುದರ ಬಗ್ಗೆ ಹೆದರಿಕೆಯಿಲ್ಲ. ನಕಲಿನಿಂದ ಕಲಿತುಬಿಡುತ್ತೇವಲ್ಲ, ಅದರ ಬಗ್ಗೆ ಹೆದರಿಕೆ.

ಸಾಹಿತ್ಯಕ್ಕೆ ಬನ್ನಿ. ಒಂಬತ್ತನೇ ಶತಮಾನದ 'ಕವಿರಾಜಮಾರ್ಗ' ನಮ್ಮ ಭಾಷೆಯಲ್ಲಿ ಉಳಿದು ಬಂದಿರುವ ಮೊದಲ ಗ್ರಂಥ. ಅದರ ಬಹುಭಾಗಕ್ಕೆ ದಂಡಿಯ ಸಂಸ್ಕೃತ 'ಕಾವ್ಯಾದರ್ಶ' ಆಧಾರ. ಹೊಸಗನ್ನಡ ಕಾವ್ಯಕ್ಕೆ ದಾರಿ ಮಾಡಿಕೊಟ್ಟದ್ದೆಂದು ಹೇಳುವ ಬಿ.ಎಂ.ಶ್ರೀ.ಯವರ 'ಇಂಗ್ಲಿಷ್ ಗೀತಗಳು' ಇಂಗ್ಲಿಷ್ ಕವಿತೆಗಳನ್ನು ಕನ್ನಡದಲ್ಲಿ ಮತ್ತೆ ಕಟ್ಟಿದ್ದು. ಇವು ತಪ್ಪು ಎಂದು ನಾವು ಹೇಳುತ್ತಿಲ್ಲ. ದೊಡ್ಡವರ ಕೃತಿಯನ್ನು ಎದುರಿಗಿಟ್ಟುಕೊಂಡು ಕೈ ತಿದ್ದಿಕೊಳ್ಳುವುದು ಕಲಿಕೆಯ ರಾಜಮಾರ್ಗವೇ. ಆದರೆ ಕೇರಿಯ ಹುಡುಗ ಮೊದಲ ಪದ್ಯ ಬರೆದಾಗ "ಇದು ಯಾರದೋ ಅನುಕರಣೆ" ಎಂದು ತಟ್ಟನೆ ಹೇಳುವ ವಿಮರ್ಶಕರು ಈ ಎರಡು ಪುಸ್ತಕಗಳನ್ನು ಒಮ್ಮೆ ನೆನೆಸಿಕೊಂಡರೆ ಒಳ್ಳೆಯದು.

3

ಮ್ಯೂಸಿಯಮ್ಮು ಎಂಬುದು ಹುಟ್ಟಿದ್ದು ಹೇಗೆ ಎಂಬುದನ್ನೂ ನಾವು ತಿಳಿದಿರಬೇಕು. ಲೂವ್ರ್ ಫ್ರಾನ್ಸಿನ ದೊರೆಗಳ ಅರಮನೆಯಾಗಿತ್ತು. ಕ್ರಾಂತಿಯಾದ ಮೇಲೆ, 1793ರ ಆಗಸ್ಟ್ 10ರಂದು, ದೊರೆಯ ಸ್ವತ್ತಾಗಿದ್ದ ಚಿತ್ರಗಳನ್ನು ಜನರಿಗೆ ತೆರೆದರು. ಹತ್ತು ದಿನಕ್ಕೊಂದು ವಾರ ಎಂದು ಎಣಿಸುತ್ತಿದ್ದ ಆ ಕ್ರಾಂತಿಯ ದಿನಗಳಲ್ಲಿ ಸಾರ್ವಜನಿಕರಿಗೆ ಮೂರು ದಿನ ಬಿಟ್ಟರೆ, ಬರೆದು ಕಲಿಯುವ ಕಲಾವಿದರಿಗೆ ಅದಕ್ಕಿಂತ ಹೆಚ್ಚು ದಿನ ಮೀಸಲಿಟ್ಟಿದ್ದರು. ನೋಡಿ, ಕ್ರಾಂತಿ ಮಾಡಿದವರಿಗೆ ಗೊತ್ತಿತ್ತು: ಅರಮನೆಯ ಬಾಗಿಲು ತೆಗೆದು ಜನ ಒಳಗೆ ಬಂದು ಬೆರಗಾಗಿ ಹೋದರೆ ಸಾಲದು, ಕೂತು ಕಲಿತು ಹೋಗಬೇಕು.

ಆ ಪದ್ಧತಿ ಇನ್ನೂ ಉಳಿದಿದೆ. ಅರ್ಜಿ ಹಾಕಿ ಅನುಮತಿ ಪಡೆದವರು ಲೂವ್ರಿನಲ್ಲಿ ಅಸಲು ಚಿತ್ರದ ಮುಂದೆಯೇ ನಿಂತು ಬರೆಯುತ್ತಾರೆ. ಒಂದು ನಿಯಮ ಇದೆ: ಪ್ರತಿ ಅಸಲಿನ ಅಳತೆಯಲ್ಲೇ ಇರಕೂಡದು, ದೊಡ್ಡದೋ ಚಿಕ್ಕದೋ ಆಗಿರಬೇಕು. ಅಸಲು ಕಲಾವಿದನ ರುಜುವನ್ನೂ ನಕಲು ಮಾಡಕೂಡದು. ಕಲಿಕೆಗೂ ಮೋಸಕ್ಕೂ ನಡುವೆ ಗೆರೆ ಎಳೆಯುವುದು ಇಷ್ಟು ಸುಲಭ. ಮನಸ್ಸಿದ್ದರೆ ಸಾಕು.

ಈಗ ಮುಖ್ಯವಾದ ಮಾತು. ಹೀಗೆ ಬರೆದು ಕಲಿತವರು ಯಾರು? ಪ್ಯಾರಿಸ್ಸಿನ ಸರ್ಕಾರಿ ಕಲಾಶಾಲೆ 1897ರವರೆಗೂ ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆ ಶಾಲೆ ಹೊರಗಿಟ್ಟ ಬೆರ್ತ್ ಮೊರಿಸೊ, ಅಮೆರಿಕದಿಂದ ಬಂದ ಮೇರಿ ಕಸಾಟ್ ಮುಂತಾದ ಹೆಂಗಸರು ಲೂವ್ರಿನ ಗೋಡೆಗಳ ಮುಂದೆ ನಿಂತು ಹಳಬರ ಚಿತ್ರ ಬರೆದು ಕಲಿತು, ಆಮೇಲೆ ತಮ್ಮದೇ ದಾರಿ ಹಿಡಿದರು. ಅದೇ ಶಾಲೆ ಸೆಜಾನ್ ಎಂಬ ಹುಡುಗನನ್ನು ಲಾಯಕ್ಕಿಲ್ಲ ಎಂದು ತಿರಸ್ಕರಿಸಿತ್ತು. ಆತ ಮುದುಕನಾಗುವವರೆಗೂ ಮ್ಯೂಸಿಯಮ್ಮಿಗೆ ಹೋಗಿ ಹಳೆಯ ಕೃತಿಗಳನ್ನು ನೋಡಿ ಗೆರೆ ಹಾಕುತ್ತಲೇ ಇದ್ದ. ಇವತ್ತು ಆಧುನಿಕ ಚಿತ್ರಕಲೆಯ ಪಾಠವನ್ನು ಅವನ ಹೆಸರಿನಿಂದ ಶುರುಮಾಡುತ್ತಾರೆ.

ಶಾಲೆ ಹೊರಗಿಟ್ಟವರಿಗೆ ಮ್ಯೂಸಿಯಮ್ಮು ಶಾಲೆಯಾಯಿತು. ಶುಲ್ಕ ಕಟ್ಟಲಾರದವನಿಗೆ, ಜಾತಿಯಿಂದಲೋ ಲಿಂಗದಿಂದಲೋ ಭಾಷೆಯಿಂದಲೋ ಒಳಗೆ ಬರಲಾರದವನಿಗೆ ಅಸಲು ಚಿತ್ರವೇ ಮೇಷ್ಟ್ರು. ಅದು ನಿನ್ನ ಜಾತಿ ಕೇಳುವುದಿಲ್ಲ, ಇಂಗ್ಲಿಷ್ ಬರುತ್ತದೆಯೇ ಎಂದು ಕೇಳುವುದಿಲ್ಲ. ಎಷ್ಟು ಹೊತ್ತು ನೋಡುತ್ತೀಯೋ ಅಷ್ಟು ಹೇಳಿಕೊಡುತ್ತದೆ.

ಆದರೆ ಚಿತ್ರ ಕೇಳದ್ದನ್ನು ಬಾಗಿಲು ಕೇಳುತ್ತದೆ. ನಗರದ ಒಂದು ಗ್ಯಾಲರಿಯಲ್ಲಿ ನಮ್ಮ ಗೆಳೆಯನೊಬ್ಬ ನೋಟ್‌ಬುಕ್ಕು ತೆಗೆದು ನೆಲದ ಮೇಲೆ ಕೂತಾಗ ಕಾವಲಿನವನು ಬಂದು "ಏನ್ ಬರೀತಿದೀರ? ಯಾರು ಕಳಿಸಿದ್ದು? ಲೆಟರ್ ಐತಾ?" ಎಂದು ಕೇಳಿದ. ಎದುರಿನ ಗೋಡೆಯ ಹತ್ತಿರ ಮಡಚುವ ಕುರ್ಚಿ ಹಾಕಿಕೊಂಡು ಬರೆಯುತ್ತಿದ್ದವರನ್ನು ಏನೂ ಕೇಳಲಿಲ್ಲ. ಆ ಕಾವಲಿನವನ ಮೇಲೆ ನಮಗೆ ಸಿಟ್ಟಿಲ್ಲ. ಅವನೂ ನಮ್ಮವನೇ, ಗುತ್ತಿಗೆ ಸಂಬಳದವನು. ಯಾರನ್ನು ಕೇಳಬೇಕು, ಯಾರನ್ನು ಕೇಳಬಾರದು ಎಂಬುದನ್ನು ಈ ಸಮಾಜ ಅವನಿಗೂ ಚೆನ್ನಾಗಿ ಕಲಿಸಿಟ್ಟಿದೆ.

4

ಕನ್ನಡದವರಿಗೆ ಈ ವಿಷಯದಲ್ಲಿ ಒಂದು ದೊಡ್ಡ ಉದಾಹರಣೆ ಇದೆ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಕಲಾಶಾಲೆಗೆ ಯಾರ ಹೆಸರಿದೆಯೋ ಆ ಕೆ. ವೆಂಕಟಪ್ಪನವರು (1886–1965) ಮೈಸೂರು ಅರಮನೆಗೆ ಚಿತ್ರ ಬರೆದುಕೊಡುತ್ತಿದ್ದ ಕುಶಲಕರ್ಮಿಗಳ ಮನೆಯಿಂದ ಬಂದವರು. ಕುಂಚ ಅವರ ಮನೆಯ ಕಸುಬು. ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಅಲ್ಲಿಂದ ಅವರು ಹೋದದ್ದು ಅಜಂತಾಕ್ಕೆ.

1909ರಿಂದ 1911ರವರೆಗಿನ ಚಳಿಗಾಲಗಳಲ್ಲಿ ಕ್ರಿಶ್ಚಿಯಾನಾ ಹೆರಿಂಗ್‌ಹ್ಯಾಮ್ ಎಂಬ ಇಂಗ್ಲಿಷ್ ಹೆಣ್ಣುಮಗಳು ಅಜಂತಾ ಗುಹೆಗಳ ಭಿತ್ತಿಚಿತ್ರಗಳನ್ನು ಪ್ರತಿ ಮಾಡಿಸುವ ಕೆಲಸ ಹಿಡಿದರು. ನಂದಲಾಲ್ ಬೋಸ್, ಅಸಿತ್ ಕುಮಾರ್ ಹಲ್ದಾರ್, ಸಮರೇಂದ್ರನಾಥ ಗುಪ್ತ, ಹೈದರಾಬಾದಿನ ಸೈಯದ್ ಅಹಮದ್, ಮಹಮದ್ ಫಜ್ಲುದ್ದೀನ್, ಅವರ ಜೊತೆ ನಮ್ಮ ವೆಂಕಟಪ್ಪ. ಬೇರೆ ಬೇರೆ ಭಾಷೆಯ, ಬೇರೆ ಬೇರೆ ಧರ್ಮದ ಹುಡುಗರು ಕತ್ತಲ ಗುಹೆಗಳಲ್ಲಿ ಕೂತು, ಒಂದೂವರೆ ಸಾವಿರ ವರ್ಷದ ಹಿಂದೆ ಹೆಸರಿಲ್ಲದ ಕೈಗಳು ಎಳೆದ ಗೆರೆಗಳ ಮೇಲೆ ತಮ್ಮ ಕಣ್ಣು ಓಡಿಸಿದರು. ಆ ಪ್ರತಿಗಳು 1915ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಆ ಹುಡುಗರಲ್ಲಿ ನಂದಲಾಲ್ ಬೋಸ್ ಮುಂದೆ ಈ ದೇಶದ ಸಂವಿಧಾನದ ಮೂಲಪ್ರತಿಯ ಪುಟಗಳಿಗೆ ಚಿತ್ರ ಬರೆಸಿದರು. ವೆಂಕಟಪ್ಪನವರ ಗೆರೆಯ ಹಿಡಿತಕ್ಕೆ ಇಡೀ ಕರ್ನಾಟಕ ತಲೆಬಾಗಿತು. ಇವರನ್ನು ನಕಲುಗಾರರು ಎಂದು ಯಾವ ಪಂಡಿತ ಕರೆದಿದ್ದಾನೆ?

ಪ್ರತಿ ಮಾಡುವುದು ಬರೀ ಅಭ್ಯಾಸವಲ್ಲ, ಉಳಿಸುವ ಕೆಲಸವೂ ಹೌದು ಎಂಬುದನ್ನು ಅಜಂತಾ ಕಲಿಸುತ್ತದೆ. ಹಾಗೆಯೇ ಕೆಡಿಸುವ ಕೆಲಸವೂ ಆಗಬಹುದು. ಹೆರಿಂಗ್‌ಹ್ಯಾಮರಿಗೆ ಮುಂಚೆ ರಾಬರ್ಟ್ ಗಿಲ್ ಎಂಬ ಸೇನಾಧಿಕಾರಿ ವರ್ಷಗಟ್ಟಲೆ ಕೂತು ಮಾಡಿದ ಪ್ರತಿಗಳಲ್ಲಿ ಬಹುಪಾಲು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬೆಂಕಿಯಲ್ಲಿ ಸುಟ್ಟುಹೋದವು. ಆಮೇಲೆ ಜಾನ್ ಗ್ರಿಫಿತ್ಸ್ ಮುಂಬಯಿ ಕಲಾಶಾಲೆಯ ದೇಶೀ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು 1872ರಿಂದ 1885ರವರೆಗೆ ಮಾಡಿಸಿದ ಪ್ರತಿಗಳಲ್ಲಿಯೂ ಬಹಳಷ್ಟು ಲಂಡನ್ನಿನಲ್ಲೇ ಬೆಂಕಿಗೆ ಹೋದವು. ಸಾಲದ್ದಕ್ಕೆ, ಮಾಸಿದ ಗೆರೆ ಎದ್ದು ಕಾಣಲೆಂದು ಪ್ರತಿ ಮಾಡುವವರು ಗೋಡೆಗೇ ವಾರ್ನಿಷ್ ಬಳಿದರು. ಆ ವಾರ್ನಿಷ್ ಹಳದಿಗಟ್ಟಿ, ಬಿರುಕಾಗಿ ಅಸಲು ಚಿತ್ರಗಳಿಗೆ ಕೇಡಾಯಿತು. ಕೊಂಡೊಯ್ಯಲು ಬಂದವನ ನಕಲಿಗೂ ಕಲಿಯಲು ಕೂತವನ ನಕಲಿಗೂ ಇರುವ ವ್ಯತ್ಯಾಸ ಇದು. ಒಬ್ಬನಿಗೆ ಗೋಡೆ ಸರಕು, ಇನ್ನೊಬ್ಬನಿಗೆ ಗುರು.

ಅಜಂತಾ ನಮಗೆ ಇನ್ನೊಂದು ಕಾರಣಕ್ಕೂ ಬೇಕು. ಅದು ಬುದ್ಧನ ಗೋಡೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರ ಹಿಂದೆ ನಡೆದ ಲಕ್ಷಾಂತರ ಜನರಿಗೆ ಅದು ದೂರದ ಪ್ರವಾಸಿ ತಾಣವಲ್ಲ, ಪಿತ್ರಾರ್ಜಿತ. ಆ ಗೋಡೆಯಲ್ಲಿ ರಾಜರ ಜೊತೆ ಆಳುಗಳಿದ್ದಾರೆ, ದಾಸಿಯರಿದ್ದಾರೆ, ಬೇಟೆಗಾರರಿದ್ದಾರೆ; ಕಪ್ಪು ಮೈಯವರಿದ್ದಾರೆ ಮತ್ತು ಆ ಕಪ್ಪನ್ನು ಚೆಲುವೆಂದೇ ಬರೆದಿದ್ದಾರೆ. "ಮ್ಯೂಸಿಯಮ್ಮಿನಲ್ಲಿ ಇರೋದೆಲ್ಲ ಅವರದ್ದು" ಎನ್ನುವ ಗೆಳೆಯರಿಗೆ ಇದು ಮೊದಲ ಉತ್ತರ. ಎಲ್ಲ ಅವರದ್ದಲ್ಲ. ನಾವು ಹೋಗಿ ನೋಡದೆ ಇರುವಷ್ಟು ದಿನ ಎಲ್ಲ ಅವರದ್ದೇ.

5

ಎರಡನೆಯ ಉತ್ತರ ಸ್ವಲ್ಪ ಕಷ್ಟದ್ದು. ನಿಜವಾಗಿ ಅವರದ್ದೇ ಆದ ಚಿತ್ರದ ಮುಂದೆ ಯಾಕೆ ಕೂರಬೇಕು?

ರವಿವರ್ಮನನ್ನೇ ತೆಗೆದುಕೊಳ್ಳಿ. 1894ರಲ್ಲಿ ಮುಂಬಯಿಯಲ್ಲಿ ಅವನು ಅಚ್ಚುಕೂಟ ಹಾಕಿದ ಮೇಲೆ ಅವನ ಲಕ್ಷ್ಮಿ ಸರಸ್ವತಿಯರ ಅಗ್ಗದ ಪ್ರತಿಗಳು ದೇಶದ ತುಂಬ ಹರಡಿದವು. ಗುಡಿಯೊಳಗೆ ಕಾಲಿಡಲಾಗದ ಜನರ ಗುಡಿಸಲಿಗೂ ದೇವರ ಪಟ ಬಂತು. ಇದನ್ನು ಕೆಲವರು ದೊಡ್ಡ ಸಮಾನತೆ ಎಂದು ಹೊಗಳುತ್ತಾರೆ. ನಮಗೆ ಅಷ್ಟು ಸಲೀಸಾಗಿ ಹೊಗಳಲು ಆಗುವುದಿಲ್ಲ. ದೇವರ ಪ್ರತಿ ಕೇರಿಗೆ ಬಂತು, ಗುಡಿಯ ಬಾಗಿಲು ಮಾತ್ರ ಮುಚ್ಚಿಕೊಂಡೇ ಇತ್ತು. ಕೈಯಲ್ಲಿ ನಕಲು ಕೊಟ್ಟು ಅಸಲಿನಿಂದ ದೂರ ಇಡುವುದೂ ಒಂದು ಉಪಾಯ. ಇದನ್ನು ಬಲ್ಲವರಾದ್ದರಿಂದಲೇ ನಾವು ಅಸಲಿನ ಎದುರಿಗೆ ಹೋಗಿ ಕೂರಬೇಕು ಎನ್ನುತ್ತಿರುವುದು.

ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿ ರವಿವರ್ಮ 1889ರ ಸುಮಾರಿಗೆ ಬರೆದ 'ಗ್ಯಾಲಕ್ಸಿ ಆಫ್ ಮ್ಯುಜಿಷಿಯನ್ಸ್' ಎಂಬ ಚಿತ್ರವಿದೆ. ಹನ್ನೊಂದು ಹೆಂಗಸರು. ದೇಶದ ಬೇರೆ ಬೇರೆ ಸೀಮೆಯ ಉಡುಗೆ ತೊಡುಗೆ. ಕೆಲವರ ಕೈಯಲ್ಲಿ ವಾದ್ಯ. ಒಬ್ಬೊಬ್ಬಳ ಸೀರೆಯ ಜರಿ, ಮೂಗುತಿ, ಬಟ್ಟೆಯ ನೆರಿಗೆ ಎಲ್ಲವೂ ಮುಟ್ಟಿದರೆ ಕೈಗೆ ಸಿಗುವ ಹಾಗೆ ಬರೆದಿದ್ದಾನೆ. ಕೈಚಳಕದಲ್ಲಿ ಅವನು ದೊಡ್ಡವನು. ಅದನ್ನು ಇಲ್ಲ ಎಂದರೆ ನಾವು ಸಣ್ಣವರಾಗುತ್ತೇವೆ.

ಈ ಚಿತ್ರವನ್ನು ಸುಮ್ಮನೆ ನೋಡಿ ಮುಂದೆ ಹೋದವನಿಗೆ "ಆಹಾ, ಎಂಥ ಚೆಂದ" ಎನ್ನಿಸುತ್ತದೆ. ಸಿಟ್ಟಿನಿಂದ ನೋಡಿ ಮುಂದೆ ಹೋದವನಿಗೆ "ಥೂ, ಅರಮನೆ ಕಲೆ" ಎನ್ನಿಸುತ್ತದೆ. ಇಬ್ಬರೂ ಎರಡೇ ನಿಮಿಷ ನೋಡಿದವರು. ಕೂತು ಬರೆಯುವವನು ಏನು ಮಾಡಬೇಕು? ಹನ್ನೊಂದು ಜನರ ತಲೆಗಳನ್ನು ಎಲ್ಲೆಲ್ಲಿ ಇಟ್ಟಿದ್ದಾನೆ ಎಂದು ಅಳೆಯಬೇಕು. ಬೆಳಕು ಎಲ್ಲಿಂದ ಬೀಳುತ್ತದೆ, ಯಾರ ಮೇಲೆ ಬೀಳುತ್ತದೆ, ಯಾರನ್ನು ಹಿಂದಿನ ಸಾಲಿಗೆ ತಳ್ಳಿದ್ದಾನೆ ಎಂದು ಲೆಕ್ಕ ಹಾಕಬೇಕು. ಒಂದೊಂದು ಕೈಯನ್ನೂ ಬಿಡಿಸಬೇಕು. ಬಿಡಿಸುತ್ತಾ ಬಿಡಿಸುತ್ತಾ ಗೊತ್ತಾಗುತ್ತದೆ: ಈ ಇಡೀ ದೇಶದ ಮೇಳದಲ್ಲಿ ದುಡಿದು ಸವೆದ ಕೈ ಒಂದೂ ಇಲ್ಲ. ಕೂಲಿ ಹೆಣ್ಣು ಇಲ್ಲ. ನಾಟಿ ಹಾಡು ಹೇಳುವವಳು, ಬೀಸುವ ಕಲ್ಲಿನ ಪದ ಕಟ್ಟಿದವಳು, ಸೋಬಾನೆಯವಳು ಇಲ್ಲ. ಈ ದೇಶದ ಹಾಡಿನ ಬಹುಪಾಲನ್ನು ಹೊತ್ತು ತಂದವಳೇ ಹಾಡುಗಾರ್ತಿಯರ ಚಿತ್ರದಲ್ಲಿ ಇಲ್ಲ. ಹನ್ನೊಂದನೆಯವಳನ್ನು ಬರೆದು ಮುಗಿಸಿದವನಿಗೆ ಮಾತ್ರ ಹನ್ನೆರಡನೆಯವಳು ಇಲ್ಲದಿರುವುದು ಕಾಣುತ್ತದೆ.

ಇದು ಭಾಷಣದಿಂದ ಗೊತ್ತಾಗುವುದಕ್ಕೂ ಪೆನ್ಸಿಲ್ಲಿನಿಂದ ಗೊತ್ತಾಗುವುದಕ್ಕೂ ವ್ಯತ್ಯಾಸವಿದೆ. ಭಾಷಣದಿಂದ ತಿಳಿದವನು ಆ ಚಿತ್ರವನ್ನು ಬೈಯಬಲ್ಲ. ಬರೆದು ತಿಳಿದವನು ಹನ್ನೆರಡನೆಯವಳನ್ನು ಬರೆಯಬಲ್ಲ. ರವಿವರ್ಮನಷ್ಟೇ ಗಟ್ಟಿಯಾಗಿ, ಅವಳ ಹರಿದ ಸೆರಗಿನ ನೆರಿಗೆಯನ್ನು ಆ ಜರಿಯ ನೆರಿಗೆಗಿಂತ ಒಂದು ಗುಲಗಂಜಿಯೂ ಕಡಿಮೆಯಾಗದಂತೆ ಬರೆಯಬಲ್ಲ. ಕಸುಬು ಬಾರದ ಸಿಟ್ಟು ಗೋಡೆಬರಹವಾಗಿ ಮಳೆಗೆ ತೊಳೆದುಹೋಗುತ್ತದೆ ಎಂಬುದನ್ನು ನಾವು ನಮ್ಮ ಪದ್ಯಗಳಲ್ಲೂ ಕಂಡಿದ್ದೇವೆ.

ಆದ್ದರಿಂದ ಗೆಳೆಯರಿಗೆ ನಮ್ಮ ಮಾತು ಇದು. ನಿಷ್ಠೆಯಿಂದ ಪ್ರತಿ ಮಾಡುವುದು ಶರಣಾಗುವುದಲ್ಲ. ಅದಕ್ಕಿಂತ ಕಟುವಾದ ವಿಮರ್ಶೆ ಇನ್ನೊಂದಿಲ್ಲ.

6

2015ರಲ್ಲಿ ವೆಂಕಟಪ್ಪ ಕಲಾಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದರ ಕೈಗೆ ವಹಿಸುವ ಒಪ್ಪಂದಕ್ಕೆ ಸರ್ಕಾರ ಮುಂದಾದಾಗ ನಗರದ ಕಲಾವಿದರು ಎದ್ದರು. 2016ರಲ್ಲಿ ಅವರು ಒಟ್ಟಾಗಿ ಬೀದಿಗಿಳಿದರು. ಅದು ನ್ಯಾಯವಾದ ಹೋರಾಟ. ಸಾರ್ವಜನಿಕ ಸ್ವತ್ತು ಸಾರ್ವಜನಿಕರದ್ದಾಗಿ ಉಳಿಯಬೇಕು. ನಾವು ಅದಕ್ಕೆ ಒಂದೇ ಮಾತು ಸೇರಿಸುತ್ತೇವೆ: ಸಾರ್ವಜನಿಕ ಎಂದರೆ ಚಿತ್ರ ತೂಗುಹಾಕುವವರು ಮಾತ್ರವಲ್ಲ, ಚಿತ್ರದ ಮುಂದೆ ಕೂತು ಕಲಿಯುವವರೂ ಹೌದು.

ಹಾಗಾದರೆ ನಮಗೆ ಬೇಕಾದದ್ದು ಏನು? ದೊಡ್ಡದೇನಲ್ಲ.

ಸರ್ಕಾರದ ಎಲ್ಲ ಚಿತ್ರಶಾಲೆ, ಮ್ಯೂಸಿಯಮ್ಮುಗಳಲ್ಲಿ ತಿಂಗಳಿಗೆ ಒಂದು ಭಾನುವಾರವಾದರೂ ನೋಡಿ ಬರೆಯುವವರಿಗೆಂದು ಇಡಬೇಕು. ಭಾನುವಾರವೇ ಯಾಕೆಂದರೆ ದುಡಿಯುವವನಿಗೆ ಸಿಗುವುದು ಅದೊಂದೇ. ಕೂರಲು ಒಂದು ಸ್ಟೂಲು, ಬೋರ್ಡು ಒರಗಿಸಲು ಒಂದು ಸ್ಟ್ಯಾಂಡು, ನೆಲ ಕೆಡದಂತೆ ಒಂದು ಹಾಸು. ಯಾವ ಕಾಲೇಜಿನ ಪತ್ರವನ್ನೂ ಕೇಳಬಾರದು. ಸೈನ್‌ಬೋರ್ಡು ಬರೆಯುವವನು, ಆಟೋ ಹಿಂದೆ ಚಿತ್ರ ಬರೆಯುವವನು, ಹೈಸ್ಕೂಲು ಹುಡುಗಿ ಎಲ್ಲರೂ ಹೆಸರು ಬರೆಸಿ ಒಳಗೆ ಬರುವಂತಿರಬೇಕು. ನಿಯಮ ಬೇಕೇ? ಇರಲಿ. ಅಸಲಿನ ಅಳತೆ ಬೇಡ, ರುಜು ಬೇಡ, ಗೋಡೆ ಮುಟ್ಟಬೇಡಿ. ಮೂರು ಸಾಲಿನಲ್ಲಿ ಕನ್ನಡದಲ್ಲಿ ಬರೆದು ಬಾಗಿಲಿಗೆ ಹಾಕಿ.

ಹೀಗೆ ಬರೆದ ಒಳ್ಳೆಯ ಪ್ರತಿಗಳನ್ನು ತಾಲ್ಲೂಕುಗಳ ಶಾಲೆಗಳಿಗೆ ಕಳಿಸಬೇಕು. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗೆ ಕೂರುವ ಹಳ್ಳಿಯ ಮಕ್ಕಳು ಅಂಗೈಯಗಲದ ಮಾಸಲು ಅಚ್ಚಿನಲ್ಲೋ ಮೊಬೈಲಿನ ಗಾಜಿನಲ್ಲೋ ಅಜಂತಾ ನೋಡುತ್ತಾರೆ. ಮನುಷ್ಯನ ಕೈ ಬರೆದ, ಅಳತೆಗೆ ಹತ್ತಿರವಾದ ಒಂದು ಪ್ರತಿ ಅವರ ಮುಂದೆ ನಿಂತರೆ ಬಣ್ಣ ಹೇಗೆ ಕೂತಿದೆ, ಗೆರೆ ಎಲ್ಲಿ ತಿರುಗಿದೆ ಎಂಬುದು ಕಾಣುತ್ತದೆ. ಪ್ರತಿಯ ಅಡಿಯಲ್ಲಿ ಎರಡು ಹೆಸರಿರಲಿ: ಅಸಲು ಬರೆದವರದು, ಪ್ರತಿ ಮಾಡಿದವರದು.

ಹಳ್ಳಿಯ ಮೇಷ್ಟ್ರುಗಳು ಸರ್ಕಾರದ ಆರ್ಡರಿಗೆ ಕಾಯಬೇಕಾಗಿಲ್ಲ. ನಮ್ಮ ಪಕ್ಕದ ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಕಿತ್ತಯ್ಯನೆಂಬ ವೀರನ ಕಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ದಿನಾ ಅದರ ಮೇಲೆ ಓಡಾಡುತ್ತಿದ್ದ ನಮಗೆ ಕಾಲಡಿಯಲ್ಲಿ ಸಾವಿರದ ಇನ್ನೂರೈವತ್ತು ವರ್ಷ ಹಳೆಯ ಅಕ್ಷರಗಳಿವೆ ಎಂದು ಗೊತ್ತಿರಲಿಲ್ಲ. ನಿಮ್ಮ ಊರಿನ ಕೆರೆ ಏರಿಯ ಮೇಲೂ, ಮಾರಿಗುಡಿಯ ಹಿಂದೆಯೂ ಒಂದು ವೀರಗಲ್ಲೋ ಮಾಸ್ತಿಕಲ್ಲೋ ಇದ್ದೇ ಇರುತ್ತದೆ. ದನ ಮೈ ಉಜ್ಜುತ್ತಿರುತ್ತದೆ. ಮಕ್ಕಳನ್ನು ಅದರ ಮುಂದೆ ಕೂರಿಸಿ. ಮೊದಲು ಕಲ್ಲಿಗೆ ನೀರು ಹಾಕಿ ತೊಳೆಯಿರಿ; ಸುಣ್ಣ ಬಳಿಯಬೇಡಿ, ಎಣ್ಣೆ ಹಚ್ಚಬೇಡಿ, ಅಜಂತಾದ ವಾರ್ನಿಷ್ ನೆನಪಿರಲಿ. ಬೆಳಿಗ್ಗೆಯೋ ಸಂಜೆಯೋ ಓರೆ ಬಿಸಿಲಲ್ಲಿ ಕೂತರೆ ಗೆರೆಗಳು ಎದ್ದು ಕಾಣುತ್ತವೆ. ಕಂಡದ್ದನ್ನು ಕಂಡಷ್ಟೇ ಬರೆಯಲಿ, ಒಡೆದದ್ದನ್ನು ಒಡೆದಂತೆಯೇ ಬರೆಯಲಿ. ಬರೆದಾದ ಮೇಲೆ ಕೇಳಿ: ಇಲ್ಲಿ ಯಾರಿದ್ದಾರೆ? ಯಾರಿಲ್ಲ? ಕಲ್ಲು ಹೊತ್ತು ತಂದವರು ಯಾರು? ಕೆತ್ತಿದ ಕೈ ಯಾರದು?

ಆ ಮಕ್ಕಳಲ್ಲಿ ಒಬ್ಬಳು ಮುಂದೆ ಬೆಂಗಳೂರಿಗೆ ಬಂದು ಅರಮನೆ ರಸ್ತೆಯ ಆ ಬಂಗಲೆಯ ಮೆಟ್ಟಿಲು ಹತ್ತುತ್ತಾಳೆ. ಆಗ ಯಾರೂ ಅವಳನ್ನು "ಲೆಟರ್ ಐತಾ" ಎಂದು ಕೇಳಬಾರದು. ಅಷ್ಟನ್ನು ಸಾಧಿಸುವುದು ನಮ್ಮ ಈಗಿನ ಕೆಲಸ. ಈ ತಿಂಗಳಿಂದಲೇ ಅರ್ಜಿ ಬರೆಯೋಣ, ಸಹಿ ಹಾಕಿಸೋಣ. ಬಾಗಿಲು ತೆರೆಯುವವರೆಗೆ ಪೆನ್ಸಿಲ್ಲು ಚೂಪು ಮಾಡಿಕೊಂಡು ವೀರಗಲ್ಲಿನ ಮುಂದೆ ಕೂರೋಣ.